ಬಾಣಲೆಯ ಮಟ್ಟದ ಗಾಜು

ಸವಣೂರಿನ ಕುಲಸುಮಬಿ ಕಡಲೆಹಿಟ್ಟಿನ ಖಾರ ಕರಿಯುವುದನ್ನು ಹೊರಗಿನವರು ಯಾರೂ ಕಂಡಿರಲಿಲ್ಲ. ಅಂಗಡಿಯ ಮುಂಭಾಗದಲ್ಲಿ ಮೈದುನ ಇಸಾಕ ತಕ್ಕಡಿ ಹಿಡಿದು ಕೂರುತ್ತಿದ್ದ. ಅವನ ಬೆನ್ನಿಗೆ ಗೋಣಿತಟ್ಟಿನ ಪರದೆ, ಪರದೆಯ ಆಚೆ ಒಲೆ, ಒಲೆಯ ಮುಂದೆ ಈಕೆ. ಗಂಡ ತೀರಿಕೊಂಡ ಮೇಲೆ ದುಡಿಮೆಗೆ ಇಳಿದಳೇ ಹೊರತು ಬೀದಿಗೆ ಮುಖ ಕೊಡಲಿಲ್ಲ. ಅದಕ್ಕಾಗಿ ಕನಿಕರಿಸಲು ಬಂದವರಿಗೆ ಒಳಗಿನಿಂದ ಚಹಾ ಬರುತ್ತಿತ್ತು, ಉತ್ತರ ಬರುತ್ತಿರಲಿಲ್ಲ.

೧೯೭೯ರ ಸುಮಾರಿಗೆ, ಅವಳು ಹಳೆಯ ಎಣ್ಣೆಯಲ್ಲೇ ಮತ್ತೆ ಮತ್ತೆ ಕರಿಯುತ್ತಾಳೆಂಬ ಮಾತು ಸಂತೆಯಲ್ಲಿ ಹುಟ್ಟಿತು. ಅವಳ ಖಾರದ ಹೆಚ್ಚಿನ ಪಾಲನ್ನು ಕೊಳ್ಳುತ್ತಿದ್ದವರು ಹಿರೇಕೆರೂರಿನ ವ್ಯಾಪಾರಿ ಪರಮೇಶಪ್ಪ. ಕರಿಯುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಮುಂದಿನ ಖರೀದಿಯೆಂದು ಅವರು ಕಡ್ಡಿ ಮುರಿದಂತೆ ಹೇಳಿ ಕಳಿಸಿದರು. ಅವರು ಕೈಬಿಟ್ಟರೆ ಒಲೆ ಆರಿದಂತೆಯೇ.

"ಪರದೆ ಕಿತ್ತ ಒಗೀರಿ ಭಾಬಿ," ಅಂದ ಇಸಾಕ. "ಒಳಗೊಂದು ಹೊರಗೊಂದು ಇಲ್ಲಂತ ಊರಿಗೇ ಗೊತ್ತಾಗಲಿ."

"ಅವರು ನೋಡಬೇಕಂದದ್ದು ಎಣ್ಣೀನೊ, ನನ್ನನ್ನೊ?"

ಆಗ ಹೆಂಗಸರ ಸಂಜೆಯ ಶಾಲೆಯಲ್ಲಿ ನಾನೂ ಅವಳೂ ಒಂದೇ ಚಾಪೆಯವರು. ಶಿಕ್ಷಕಿ ಮನೋರಮಾಬಾಯಿಯವರು ಕಂದೀಲಿನ ಮುಂದೆ ಗಾಜಿನ ಚೂರು, ಎಣ್ಣೆ ಸವರಿದ ಕಾಗದ, ಪಾಟಿ ಹಿಡಿದು ಪಾರದರ್ಶಕ, ಅರೆಪಾರದರ್ಶಕ, ಅಪಾರದರ್ಶಕ ಎಂದು ಹೇಳಿಕೊಟ್ಟಿದ್ದರು. ಬೆಳಕು ದಾಟಿತೇ ಇಲ್ಲವೇ ಎಂಬುದಷ್ಟೇ ವಿಜ್ಞಾನದ ಪ್ರಶ್ನೆ. ವಸ್ತುವಿನ ಒಳ್ಳೆಯತನವನ್ನು ಅದು ಕೇಳುವುದಿಲ್ಲ. ಪಾರದರ್ಶಕ ಎಂಬ ಅದೇ ಮಾತನ್ನು ಮನುಷ್ಯರಿಗೆ ಹಚ್ಚಿದಾಗ ಜನ ಎಲ್ಲವನ್ನೂ ಬಿಚ್ಚಿಡು ಎನ್ನುತ್ತಾರೆ. ಕುಲಸುಮಬಿ ಗಾಜಿನ ಅರ್ಥವನ್ನೇ ಆರಿಸಿಕೊಂಡಳು. ಗೌಂಡಿ ಫಕ್ಕೀರಪ್ಪನನ್ನು ಕರೆಸಿ, ಪರದೆಯ ಜಾಗದಲ್ಲಿ ಗೋಡೆ ಕಟ್ಟಿಸಿ, ಬಾಣಲೆಯ ಮಟ್ಟಕ್ಕೆ ಒಂದು ಮೊಳದ ಗಾಜು ಕೂರಿಸಿದಳು. ಬಾಣಲೆ ಕಾಣಬೇಕು, ಎಣ್ಣೆಯ ಡಬ್ಬಿ ಕಾಣಬೇಕು, ಕೈ ಕಾಣಬೇಕು, ಮುಖ ಬೇಡ.

ಪರಮೇಶಪ್ಪ ಬಂದಾಗ ಎರಡು ಒಬ್ಬೆ ಖಾರ ಬೆಂದು ಇಳಿದಿತ್ತು. ಅವರು ಧೋತರ ಎತ್ತಿಕೊಂಡು ಗಾಜಿನ ಮುಂದೆ ಕುಕ್ಕರಗಾಲಿನಲ್ಲಿ ಕೂತರು.

"ಇದರಾಗೇನ ಕಾಣತೈತಿ ಇಸಾಕ? ಮಂಜ ಬಿದ್ದಂಗೈತಿ. ಮುಚ್ಚಾಕಂತನ ಗಾಜ ಹಾಕ್ಸೀರೇನು?"

ಇಸಾಕ ತಕ್ಕಡಿ ಬಿಟ್ಟು ಬಗ್ಗಿ ನೋಡಿದ. ಒಲೆಯ ಪಕ್ಕದ ಗಾಜು ಎಣ್ಣೆಯ ಹಬೆ ಕುಡಿದು, ಸಂಜೆಯ ಶಾಲೆಯ ಆ ಕಾಗದದಂತೆಯೇ ಆಗಿತ್ತು. ಅಷ್ಟರಲ್ಲಿ ಒಳಗಿನ ಕೈಯೊಂದು ಒಣ ಕಡಲೆಹಿಟ್ಟನ್ನು ಗಾಜಿಗೆ ತಿಕ್ಕಿ ಅರಿವೆಯಿಂದ ಒರೆಸಿತು. ಹಿಟ್ಟು ಜಿಡ್ಡನ್ನೆಲ್ಲ ಹೀರಿಕೊಂಡಿತು. ತಿಳಿಯಾದ ಗಾಜಿನ ಆಚೆ ಅದೇ ಕೈ ಹಳೆಯ ಬಾಣಲೆ ಇಳಿಸಿ, ಇನ್ನೊಂದನ್ನು ಇಟ್ಟು, ಹೊಸ ಡಬ್ಬಿ ತೆರೆದು ಎಣ್ಣೆ ಸುರಿಯಿತು.

"ಇವತ್ತ ನಾ ಬಂದೇನಂತ ಹೊಸಾ ಎಣ್ಣಿ," ಅಂದರು ಪರಮೇಶಪ್ಪ. "ನಾಳಿ?"

"ನಾಳಿಗೂ ಗಾಜ ಇಲ್ಲೇ ಇರತೈತ್ರಿ. ಹೇಳದ ಕೇಳದ ಬರ್ರಿ," ಒಳಗಿನಿಂದ ದನಿ ಬಂತು.

"ಮುಖಾನ ಕಾಣವಲ್ದಲ್ಲ, ಬೀಬಿ?"

"ಖಾರ ಮುಖದಾಗ ಕರೀತೇನೇನ್ರಿ, ಸಾವ್ಕಾರ್ರ?"

ಪರಮೇಶಪ್ಪ ನಕ್ಕರು, ನಗುತ್ತಲೇ ಮೊಣಕಾಲು ಹಿಡಿದುಕೊಂಡು ಎದ್ದರು. ಮರುವಾರದಿಂದ ಹಿರೇಕೆರೂರಿನ ಬಸ್ಸಿಗೆ ಮೊದಲಿನಂತೆ ಖಾರದ ಡಬ್ಬಿಗಳು ಏರಿದವು. ಅವರು ಮಾತ್ರ ಮತ್ತೆ ಬರಲಿಲ್ಲ.

ಎಂಬತ್ತೇಳರಲ್ಲಿ ಟೆಲಿಫೋನ್ ಕಚೇರಿಯ ವೆಂಕಟೇಶ ಖಾರ ಕೊಳ್ಳುತ್ತ ಇಸಾಕನಿಗೆ ಹೇಳಿದ, "ಫೋನಿನ್ಯಾಗ ನಡುವಿನ ಯಂತ್ರ ಐತೆಂಬೂದ ಮಾತಾಡೋರಿಗೆ ಗೊತ್ತಾಗಬಾರದು. ನಮ್ಮ ಕೆಲಸದಾಗ ಅದಕ್ಕ ಟ್ರಾನ್ಸ್‌ಪರೆಂಟ್ ಅಂತೇವಿ." ಇದು ಪಾರದರ್ಶಕದ ಮೂರನೆಯ ಅರ್ಥ; ಕುಲಸುಮಬಿಯ ಗಾಜು ಅಷ್ಟರಲ್ಲಿ ಅದನ್ನೂ ಮುಟ್ಟಿತ್ತು. ಅಲ್ಲೊಂದು ಗಾಜು ಇದೆಯೆಂಬುದನ್ನೇ ಗಿರಾಕಿಗಳು ಮರೆತಿದ್ದರು.

"ಯಾರೂ ಕುಂತ ನೋಡೂದಿಲ್ಲ ಭಾಬಿ," ಅಂದ ಇಸಾಕ. "ದಿನಾ ಒರಸೂದ್ಯಾಕ? ಗಾಜ ತಗದ ಇಟ್ಟಂಗಿ ಗೋಡಿ ಕಟ್ಟಿಸಿಬಿಡೂಣು."

ಕುಲಸುಮಬಿ ಚಿಟಿಕೆ ಕಡಲೆಹಿಟ್ಟು ತೆಗೆದುಕೊಂಡಳು.

"ಸಾವ್ಕಾರ್ರಿಗೆ ಹೇಳದ ಕೇಳದ ಬರ್ರಿ ಅಂದೇನಿ. ಅವರಿನ್ನೂ ಬಂದಿಲ್ಲ."