ಪಬ್ಬುಗಳ ಪೈಪು ತೊಳೆಯುವ ಮೈಸೂರಿನ ಧನಂಜಯ

ಬೆಳಗಿನ ಆರು ಗಂಟೆ. ನ್ಯೂಜಿಲೆಂಡಿನ ಆಕ್ಲೆಂಡ್‌ನ ಕರಂಗಹಾಪೆ ರಸ್ತೆಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಕಸದ ಲಾರಿಯೊಂದು ರಾತ್ರಿಯ ಖಾಲಿ ಬಾಟಲಿಗಳನ್ನು ದಡಬಡ ತುಂಬಿಕೊಳ್ಳುತ್ತಿದೆ. ಐರಿಷ್ ಪಬ್ಬೊಂದರ ಹಿಂಬಾಗಿಲಿನಲ್ಲಿ ಹಿಂಭಾಗ ತೆರೆದ ಬಿಳಿ ಯೂಟ್ ಗಾಡಿ ನಿಲ್ಲಿಸಿ ಧನಂಜಯ ಇಳಿಯುತ್ತಾರೆ. ಗಾಡಿಯ ಹಿಂದಿನ ತೊಟ್ಟಿಯಿಂದ ಎರಡು ಕ್ಯಾನು, ಒಂದು ಸಣ್ಣ ಪಂಪು, ಮೊಣಕೈವರೆಗೆ ಬರುವ ರಬ್ಬರ್ ಗ್ಲೌಸು ಕೆಳಗಿಳಿಸಿ, ನನ್ನ ಕೈಗೊಂದು ಸ್ವೆಟರ್ ಕೊಡುತ್ತಾರೆ. “ಕೆಳಗೆ ಚಳಿ ಸರ್. ಫ್ರಿಜ್ ಒಳಗೆ ನಿಂತಂಗೆ.”

ನೆಲಮಾಳಿಗೆಯಲ್ಲಿ ಉಕ್ಕಿನ ಪೀಪಾಯಿಗಳು ಸಾಲಾಗಿ ನಿಂತಿವೆ. ಒಂದೊಂದು ಪೀಪಾಯಿಯಿಂದ ಒಂದೊಂದು ಸಣ್ಣ ಪೈಪು ಹೊರಟು ಗೋಡೆ ಹತ್ತಿ, ಮೇಲಿನ ಕೌಂಟರಿನ ನಲ್ಲಿಗೆ ಸೇರುತ್ತದೆ. ಬಿಯರ್ ಹರಿದ ಪೈಪಿನೊಳಗೆ ಪಾಚಿಯಂಥ ಪದರ ಕೂರುತ್ತದೆ. ತೊಳೆಯದಿದ್ದರೆ ರುಚಿ ಕೆಡುತ್ತದೆ, ಹೊಟ್ಟೆಯೂ ಕೆಡುತ್ತದೆ. ಕಾಸ್ಟಿಕ್ ಸೋಡಾ ಎಂಬ ಸುಡುವ ಕ್ಷಾರ ಬೆರೆಸಿದ ದ್ರಾವಣವನ್ನು ಪೈಪಿನಲ್ಲಿ ತುಂಬಿ ನೆನೆಯಲು ಬಿಡಬೇಕು, ಆಮೇಲೆ ಬರೀ ನೀರು ಹಾಯಿಸಿ ಅದರ ಗುರುತೂ ಉಳಿಯದಂತೆ ತೆಗೆಯಬೇಕು. ಧನಂಜಯ ಮಾಡುವುದು ಈ ಕೆಲಸ. ದಿನಕ್ಕೆ ನಾಲ್ಕು ಪಬ್ಬು. ಒಂದೊಂದರಲ್ಲಿ ಎಂಟರಿಂದ ಹದಿನಾಲ್ಕು ನಲ್ಲಿ. ಊರಿನ ಮೂವತ್ತೆಂಟು ಪಬ್ಬುಗಳಿಗೆ ಎರಡು ವಾರಕ್ಕೊಮ್ಮೆ ಅವರು ಬರಲೇಬೇಕು. ಸ್ವತಃ ಬಿಯರ್ ಕುಡಿಯುವುದಿಲ್ಲ.

ಇಂದು 2018ರ ಮಾರ್ಚ್ ಹದಿನೇಳು, ಐರ್ಲೆಂಡಿನವರ ಸಂತ ಪ್ಯಾಟ್ರಿಕ್ ಹಬ್ಬ. ಅದೂ ಶನಿವಾರ. ಹಸಿರು ಟೋಪಿ ಹಾಕಿಕೊಂಡ ಗುಂಪುಗಳು ಬೆಳಿಗ್ಗೆಯೇ ಪಬ್ಬಿಂದ ಪಬ್ಬಿಗೆ ಸುತ್ತಲು ಹೊರಡುತ್ತವೆ. ಮ್ಯಾನೇಜರ್ ಶೆರಿಲ್ ಎಂಟಕ್ಕೇ ಬಾಗಿಲು ತೆಗೆಯಬೇಕು. ಏಳೂ ಐವತ್ತಕ್ಕೆ ಕೊನೆಯ ನಲ್ಲಿಯ ನೀರಿಗೆ ಧನಂಜಯ ಕೆಂಪು ಲಿಟ್ಮಸ್ ಕಾಗದ ಅದ್ದುತ್ತಾರೆ. ಕಾಗದದ ಅಂಚು ನೀಲಿಯಾಗುತ್ತದೆ. ಕ್ಷಾರ ಇನ್ನೂ ಉಳಿದಿದೆ ಎಂದರ್ಥ.

“ಜೇ, ಹೊರಗೆ ನಲವತ್ತು ಜನ ನಿಂತಿದ್ದಾರೆ. ಅಷ್ಟೊಂದು ನೀರು ಬಿಟ್ಟಿದ್ದೀಯ, ಸಾಕು” ಎನ್ನುತ್ತಾರೆ, ಧನಂಜಯರ ಹೆಸರನ್ನು ‘ಜೇ’ ಎಂದು ಮೊಟಕುಮಾಡಿಕೊಂಡಿರುವ ಶೆರಿಲ್.

“ಉಳಿದ ಹನ್ನೊಂದು ನಲ್ಲಿ ನಿಮ್ಮವು. ಇದನ್ನ ನಾನು ಕೊಡಲ್ಲ” ಎಂದು ಧನಂಜಯ ಆ ನಲ್ಲಿಯ ಹಿಡಿಯನ್ನೇ ಬಿಚ್ಚಿ ಜೇಬಿಗೆ ಹಾಕಿಕೊಂಡು ಮತ್ತೆ ನೆಲಮಾಳಿಗೆಗೆ ಇಳಿಯುತ್ತಾರೆ. ಶೆರಿಲ್ ಏನೋ ಗೊಣಗಿ ಬಾಗಿಲು ತೆಗೆಯುತ್ತಾರೆ. ಎಂಟೂ ಕಾಲಿಗೆ ಇನ್ನೊಂದು ಕಾಗದ. ಅದು ಕೆಂಪಾಗಿಯೇ ಉಳಿಯುತ್ತದೆ. ಧನಂಜಯ ಒಂದು ಗ್ಲಾಸು ನೀರು ಹಿಡಿದು ತಾವೇ ಕುಡಿದು ನೋಡುತ್ತಾರೆ. ಆಮೇಲೆಯೇ ಜೇಬಿನಿಂದ ಹಿಡಿ ಹೊರಗೆ ಬರುತ್ತದೆ.

ಪ್ರತಿ ಪಬ್ಬಿನಲ್ಲೂ, ಪ್ರತಿ ನಲ್ಲಿಯಿಂದಲೂ ಹೀಗೆ ಕುಡಿಯುತ್ತೀರಾ ಎಂದು ಕೇಳಿದೆ.

“ಪ್ರತಿ ನಲ್ಲಿ. ಹೊಟ್ಟೆ ತುಂಬ ನೀರು ಸರ್, ಹನ್ನೊಂದು ಗಂಟೆ ತನಕ ತಿಂಡಿ ಸೇರಲ್ಲ” ಎಂದು ನಗುತ್ತಾರೆ. ಯಾಕೆ ಎಂದು ಕೇಳಿದಾಗ ಮಾತ್ರ ನಗು ನಿಲ್ಲುತ್ತದೆ. ಉಪಕರಣಗಳನ್ನೆಲ್ಲ ಯೂಟಿಗೆ ಏರಿಸಿ, ಮುಂದಿನ ಸೀಟಿನಲ್ಲಿ ಫ್ಲಾಸ್ಕಿನ ಕಾಫಿ ಸುರಿದುಕೊಟ್ಟು, ಗಾಲ್ವೇ ಎಂಬ ಊರಿನ ಕಥೆ ಹೇಳಲು ಶುರುಮಾಡುತ್ತಾರೆ.

ಮೈಸೂರಿನ ಒಂಟಿಕೊಪ್ಪಲಿನಲ್ಲಿ ಧನಂಜಯರ ತಂದೆ ಗೋಲಿ ಸೋಡಾ ತಯಾರಿಸುತ್ತಿದ್ದರು. ಎರಡು ಕೋಣೆ, ಒಂದು ಗ್ಯಾಸ್ ಸಿಲಿಂಡರ್, ನೂರಾರು ಬಾಟಲಿ. ಶಾಲೆ ಬಿಟ್ಟು ಬಂದ ಮಗನಿಗೆ ಬಾಟಲಿ ತೊಳೆಯುವ ಕೆಲಸ. ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿ 2006ರಲ್ಲಿ ಹೆಚ್ಚಿನ ಓದಿಗೆ ಐರ್ಲೆಂಡಿನ ಪಶ್ಚಿಮ ತೀರದ ಗಾಲ್ವೇಗೆ ಹೋದಾಗ ಅವರಿಗೆ ಸಿಕ್ಕ ಅರೆಕಾಲಿಕ ಕೆಲಸವೂ ಅದೇ ಜಾತಿಯದು: ಒಂದು ಪಬ್ಬಿನ ನೆಲಮಾಳಿಗೆಯಲ್ಲಿ ಪೀಪಾಯಿ ಉರುಳಿಸುವುದು, ಪೈಪು ತೊಳೆಯುವುದು. “ಗ್ಯಾಸು, ನೀರು, ತೊಳೆಯೋದು. ಅಪ್ಪನ ಫ್ಯಾಕ್ಟರೀನೇ ಇಲ್ಲಿಗೆ ಬಂದಂಗಿತ್ತು.”

ಅಲ್ಲಿ ಇಬ್ಬರು ಗೆಳೆಯರಾದರು. ಒಬ್ಬ ದಾವಣಗೆರೆಯ ವಿನಯ್, ಧನಂಜಯರ ಕಾಲೇಜಿನವನೇ. ಇನ್ನೊಬ್ಬ ಕಾರ್ಮಕ್, ಗಾಲ್ವೇಯವನೇ ಆದ ಬಡಗಿ. ಪಬ್ಬಿನ ಮುರಿದ ಸ್ಟೂಲುಗಳನ್ನು ರಿಪೇರಿ ಮಾಡಲು ಬರುತ್ತಿದ್ದವನು ನಿಧಾನಕ್ಕೆ ಇವರ ಜೊತೆಗೇ ಸೇರಿಕೊಂಡ. ಶುಕ್ರವಾರ ಸಂಜೆ ಮೂವರೂ ಸುತ್ತಾಟಕ್ಕೆ ಹೊರಡುವರು. ಒಂದೇ ಸಂಜೆಗೆ ಏಳು ಪಬ್ಬು. ಯಾವುದು ಮೊದಲು, ಯಾವುದು ಆಮೇಲೆ ಎಂದು ಗ್ಲಾಸು ಇಡುವ ರಟ್ಟಿನ ಬಿಲ್ಲೆಯ ಹಿಂದೆ ಬರೆಯುವುದು ಧನಂಜಯರ ಪಾಲು. “ಕುಡಿಯದೇ ಇರೋನು ನಾನೊಬ್ಬನೇ. ಕೊನೇಲಿ ದಾರಿ ನೆನಪಿರೋದೂ ನನಗೊಬ್ಬನಿಗೇ.”

ಆ ದಾರಿ ಈಗಲೂ ಅವರ ನಾಲಿಗೆಯ ಮೇಲಿದೆ. ಊರ ನಡುವಿನ ಏರ್ ಸ್ಕ್ವೇರ್ ಚೌಕದಿಂದ ಹೊರಟು, ಶಾಪ್ ಸ್ಟ್ರೀಟಿನ ಇಳಿಜಾರಿನಲ್ಲಿ ಜನರ ಮಧ್ಯೆ ನುಸುಳಿ, ಕೀ ಸ್ಟ್ರೀಟ್ ದಾಟಿ, ಕಾರಿಬ್ ನದಿಯ ಸೇತುವೆಯ ಆಚೆಗೆ. ಒಂದು ಪಬ್ಬು ಬೆಂಕಿಗೂಡಿಗಾಗಿ. ಒದ್ದೆ ಕೋಟುಗಳು ಅಲ್ಲಿ ಒಣಗಬೇಕು. ಒಂದು ಪಿಟೀಲಿಗಾಗಿ, ಯಾರೋ ಮೂಲೆಯ ಮೇಜಿನಲ್ಲಿ ಕೂತು ನುಡಿಸಲು ಶುರುಮಾಡಿದರೆ ಇಡೀ ಕೋಣೆ ಸುಮ್ಮನಾಗುತ್ತಿತ್ತು. ಒಂದು ಚೀಸ್ ಸ್ಯಾಂಡ್‌ವಿಚ್ಚಿಗಾಗಿ. ಒಂದಕ್ಕೆ ಹೋಗುವುದು ಅಲ್ಲಿನ ಮುದುಕ ಮಾಲೀಕ ವಿನಯ್‌ನನ್ನು ಪ್ರತಿಸಲವೂ ಬೇರೆ ಬೇರೆ ಹೆಸರಿನಿಂದ ಕರೆಯುತ್ತಾನೆಂಬ ಖುಷಿಗೆ. ಕೊನೆಗೆ ಸೇತುವೆಯ ಬದಿಯಲ್ಲಿ ವಿನೆಗರ್ ಸುರಿದ ಬಿಸಿ ಚಿಪ್ಸು. ಧನಂಜಯ ಕುಡಿಯುತ್ತಿದ್ದುದು ಕಪ್ಪು ದ್ರಾಕ್ಷಿ ಶರಬತ್ತು. ಯಾರೂ ಒತ್ತಾಯಿಸುತ್ತಿರಲಿಲ್ಲ, ಯಾರೂ ಅಣಕಿಸುತ್ತಿರಲಿಲ್ಲ. “ಮನೆ ನೆನಪಾಗದೇ ಇದ್ದ ದಿನ ಅಂದ್ರೆ ಶುಕ್ರವಾರ” ಎನ್ನುತ್ತಾರೆ.

2009ರ ಫೆಬ್ರವರಿಯ ಒಂದು ಶುಕ್ರವಾರ ಕಾರ್ಮಕ್‌ನ ಹುಟ್ಟುಹಬ್ಬ. ಅಂದಿನ ಸುತ್ತಾಟ ಧನಂಜಯ ಕೆಲಸ ಮಾಡುವ ಪಬ್ಬಿನಿಂದಲೇ ಶುರುವಾಗಬೇಕಿತ್ತು. ಸಂಜೆ ಐದಕ್ಕೆ ಅವರ ಪಾಳಿ ಮುಗಿಯುತ್ತಿತ್ತು. ಪೈಪುಗಳಲ್ಲಿ ಕಾಸ್ಟಿಕ್ ನೆನೆಯುತ್ತಿತ್ತು. ಸ್ನಾನ ಮಾಡಿ, ಬಟ್ಟೆ ಬದಲಿಸಿ, ಕೇಕು ತರುವ ಗಡಿಬಿಡಿ. ಐದು ಪೈಪಿಗೆ ನೀರು ಹಾಯಿಸಿದರು. ಆರನೆಯದಕ್ಕೂ ಹಾಯಿಸಿದೆ ಎಂದುಕೊಂಡು ಪೀಪಾಯಿ ಜೋಡಿಸಿ ಮೇಲೆ ಬಂದುಬಿಟ್ಟರು.

ಆರನೆಯದು ಸೈಡರಿನ ನಲ್ಲಿ. ಸೈಡರ್ ಎಂದರೆ ಸೇಬಿನ ಹುಳಿಮದ್ಯ, ಕಾರ್ಮಕ್‌ಗೆ ಇಷ್ಟ. ಅಂದು ಆ ನಲ್ಲಿಯಿಂದ ಹೊರಬಿದ್ದ ಮೊದಲ ಗ್ಲಾಸು ಅವನದೇ. ಎಲ್ಲರೂ ಹುಟ್ಟುಹಬ್ಬದ ಹಾಡು ಹೇಳುತ್ತಿದ್ದರು. ಅವನು ಗ್ಲಾಸೆತ್ತಿ ದೊಡ್ಡದೊಂದು ಗುಟುಕು ಹಾಕಿದ.

“ಗ್ಲಾಸು ಬಿತ್ತು. ಎರಡೂ ಕೈಯಲ್ಲಿ ಗಂಟಲು ಹಿಡ್ಕೊಂಡು ಬಗ್ಗಿದ. ನಂಗೆ ಆ ಕ್ಷಣಾನೇ ಗೊತ್ತಾಯ್ತು ಸರ್. ಇನ್ನೂ ಯಾರಿಗೂ ಏನೂ ಅರ್ಥ ಆಗಿರ್ಲಿಲ್ಲ, ನಂಗೆ ಗೊತ್ತಾಗಿತ್ತು.”

ಆಂಬುಲೆನ್ಸ್ ಹೋದ ಮೇಲೆ ಮಾಲೀಕ ಎಲ್ಲರನ್ನೂ ನಿಲ್ಲಿಸಿ, ಇಂದು ಪೈಪು ತೊಳೆದವರು ಯಾರು ಎಂದು ಕೇಳಿದ. ಧನಂಜಯ ಕೈ ಎತ್ತಿದರು. ಕೆಲಸ ಹೋಯಿತು. ಹೋಗದಿದ್ದರೂ ಅವರೇ ಬಿಡುತ್ತಿದ್ದರು.

ವಿನಯ್ ಈಗ ನ್ಯೂಜಿಲೆಂಡಿನಲ್ಲೇ, ಹ್ಯಾಮಿಲ್ಟನ್ ಊರಿನ ರೊಟೊಟೂನ ಬಡಾವಣೆಯಲ್ಲಿದ್ದಾರೆ. ಆ ದಿನಗಳ ಬಗ್ಗೆ ಫೋನಿನಲ್ಲಿ ಅವರು ಹೇಳಿದ್ದು ಇಷ್ಟು: “ಇವ ರೂಮ್ ಬಿಟ್ಟು ಹೊರಗ ಬರ್ತಿದ್ದದ್ದು ಒಂದಕ್ಕ ಮಾತ್ರ. ದಿನಾ ಬೆಳಿಗ್ಗೆ ಅಕ್ಕಿ ಗಂಜಿ ಕಾಯಿಸಿ, ಸೋಸಿ, ಫ್ಲಾಸ್ಕಿಗೆ ಹಾಕ್ಕೊಂಡು ಆಸ್ಪತ್ರೆಗೆ ಹೋಗಾಂವ.”

ಕಾರ್ಮಕ್‌ಗೆ ಗಟ್ಟಿ ಆಹಾರ ನುಂಗಲು ಆಗುತ್ತಿರಲಿಲ್ಲ. ಮೊದಲ ದಿನ ಅವನ ತಾಯಿ ವಾರ್ಡಿನ ಬಾಗಿಲಲ್ಲೇ ಧನಂಜಯರನ್ನು ತಡೆದರು. ಬೈಯಲಿಲ್ಲ, ಒಳಗೂ ಬಿಡಲಿಲ್ಲ. ಫ್ಲಾಸ್ಕನ್ನು ಬೆಂಚಿನ ಮೇಲಿಟ್ಟು ಇವರು ವಾಪಸು ಬಂದರು. ಎರಡನೆಯ ದಿನವೂ, ಮೂರನೆಯ ದಿನವೂ ಹಾಗೆಯೇ ಆಯಿತು. ಮರುದಿನ ಹೋದಾಗ ತುಂಬಿದ ಫ್ಲಾಸ್ಕು ಇಟ್ಟಲ್ಲೇ ಇರುತ್ತಿತ್ತು. ನಾಲ್ಕನೆಯ ದಿನ ಆ ತಾಯಿ ಬೆಂಚಿನ ಹತ್ತಿರ ಕಾಯುತ್ತ ನಿಂತಿದ್ದರು. ಹಿಂದಿನ ದಿನದ ಫ್ಲಾಸ್ಕು ಅವರ ಕೈಯಲ್ಲಿತ್ತು, ಖಾಲಿಯಾಗಿ, ತೊಳೆದು ಒರೆಸಿ. ಡಾಕ್ಟರನ್ನು ಕೇಳಿದೆ, ಕೊಡಬಹುದಂತೆ, ಉಪ್ಪು ಸ್ವಲ್ಪ ಕಡಿಮೆ ಇರಲಿ ಎಂದರು.

ಹನ್ನೊಂದನೆಯ ದಿನ ಕಾರ್ಮಕ್ ಮನೆಗೆ ಹೋದ. ಗಂಟಲು ಗುಣವಾಗಲು ತಿಂಗಳುಗಳೇ ಬೇಕಾದವು. ಇಬ್ಬರೂ ಆ ಸಂಜೆಯ ಮಾತು ಎತ್ತಲೇ ಇಲ್ಲ. ವೀಸಾ ಮುಗಿದು ಧನಂಜಯ ಮೈಸೂರಿಗೆ ಮರಳಿದರು. ಆ ವೇಳೆಗೆ ನ್ಯೂಜಿಲೆಂಡಿಗೆ ಬಂದಿದ್ದ ವಿನಯ್, ಇಲ್ಲಿಗೆ ಬಾ ಎಂದು ಹಠ ಹಿಡಿದು ಕರೆಸಿಕೊಂಡರು. ಆಕ್ಲೆಂಡಿನಲ್ಲಿ ಮೊದಲ ಒಂದು ವರ್ಷ ಸೂಪರ್ ಮಾರ್ಕೆಟ್ಟಿನಲ್ಲಿ ಹಾಲಿನ ಕ್ಯಾನು ಜೋಡಿಸುವ ಕೆಲಸ. ಒಂದು ದಿನ ಪೇಪರಿನಲ್ಲಿ, ಪಬ್ಬುಗಳ ಪೈಪು ತೊಳೆಯಲು ಜನ ಬೇಕಾಗಿದ್ದಾರೆ ಎಂಬ ಜಾಹೀರಾತು ಕಂಡಿತು.

“ಮೂರು ದಿನ ಆ ಪೇಪರು ಜೇಬಲ್ಲೇ ಇತ್ತು. ಈ ಕೆಲಸ ಮುಟ್ಟಬಾರದು ಅಂತ ಒಂದು ಮನಸ್ಸು. ಬೇರೆ ಯಾರೋ ನನ್ನ ಹಾಗೆ ಗಡಿಬಿಡಿಯವನು ಹೋಗಿ ಸೇರ್ಕೊಂಡ್ರೆ ಅಂತ ಇನ್ನೊಂದು ಮನಸ್ಸು. ಆಮೇಲೆ ಫೋನ್ ಮಾಡ್ದೆ.”

ಕೆಲಸ ಸುಲಭದ್ದಲ್ಲ. ತುಂಬಿದ ಪೀಪಾಯಿ ಅರವತ್ತು ಕಿಲೋಗಿಂತ ಹೆಚ್ಚು ತೂಗುತ್ತದೆ. ಬಲಗೈ ಮಣಿಕಟ್ಟಿನ ಮೇಲೆ ಕಾಸ್ಟಿಕ್ ಸುಟ್ಟ ಕಲೆಯಿದೆ, ಮೊಣಕಾಲಿಗೆ ಪಟ್ಟಿ ಬಂದಿದೆ. ಕೆಲಸದ ಬಗ್ಗೆ ಹೇಳಿಕೊಳ್ಳುವುದೂ ಸುಲಭವಲ್ಲ. ಮೈಸೂರಿನಲ್ಲಿರುವ ತಾಯಿ ನೆಂಟರಿಗೆಲ್ಲ “ನೀರಿನ ಇಲಾಖೇಲಿ ಇದಾನೆ” ಎಂದು ಹೇಳಿದ್ದಾರೆ. ಇಲ್ಲಿನ ಕನ್ನಡದವರ ರಾಜ್ಯೋತ್ಸವದ ಊಟದಲ್ಲಿ ಪಕ್ಕದ ಎಲೆಯವರು ಏನು ಕೆಲಸ ಎಂದು ಕೇಳಿದರೆ ಹೆಂಡತಿ ವೇದಾ ತಾವೇ ಮುಂದಾಗಿ ಉತ್ತರ ಕೊಡುತ್ತಾರೆ. ವಿಮಾನದ ಊಟ ತಯಾರಿಸುವ ಅಡುಗೆಮನೆಯಲ್ಲಿ ಪಾಳಿ ಮಾಡುವ ವೇದಾ ಹೇಳುತ್ತಾರೆ: “ಇವ್ರು ನಾಚ್ಕೊಂಡು ತಲೆ ತಗ್ಗಿಸ್ತಾರೆ. ನಾನ್ಯಾಕೆ ತಗ್ಗಿಸ್ಲಿ? ಪಬ್ಬುಗಳ ಪೈಪ್ ತೊಳೀತಾರೆ ಅಂತೀನಿ. ಕುಡಿಯೋರ ಹೊಟ್ಟೇನೂ ಹೊಟ್ಟೇನೇ ಅಲ್ವಾ?”

2013ರಲ್ಲಿ ಒಂದು ಮಧ್ಯಾಹ್ನ ಧನಂಜಯರ ಫೋನು ರಿಂಗಾಯಿತು. ಅತ್ತ ಕಡೆ ಕಾರ್ಮಕ್. ಭೂಕಂಪದಲ್ಲಿ ಕುಸಿದ ಕ್ರೈಸ್ಟ್‌ಚರ್ಚ್ ನಗರವನ್ನು ಮತ್ತೆ ಕಟ್ಟಲು ಐರ್ಲೆಂಡಿನಿಂದ ಬಂದ ಬಡಗಿಗಳಲ್ಲಿ ಅವನೂ ಒಬ್ಬನಾಗಿದ್ದ. ಶನಿವಾರ ಆಕ್ಲೆಂಡಿಗೆ ಬರುತ್ತಿದ್ದೇನೆ, ಒಂದು ರೂಟ್ ಬರೆದಿಡು ಎಂದ.

ಆ ವಾರ ಧನಂಜಯ ತಮ್ಮ ಕೆಲಸದ ಪಟ್ಟಿಯನ್ನೇ ಹಿಂದುಮುಂದು ಮಾಡಿಕೊಂಡು, ಶನಿವಾರ ಬೆಳಿಗ್ಗೆ ನಾಲ್ಕು ಪಬ್ಬುಗಳನ್ನು ತೊಳೆದರು. ಸಂಜೆ ಅದೇ ನಾಲ್ಕು ಪಬ್ಬಿನ ರೂಟ್. ಬ್ರಿಟೊಮಾರ್ಟ್ ರೈಲು ನಿಲ್ದಾಣದ ಹತ್ತಿರದಿಂದ ಶುರು. ವಿನಯ್ ಕೂಡ ಹ್ಯಾಮಿಲ್ಟನ್‌ನಿಂದ ಬಂದರು.

ಮೊದಲ ಪಬ್ಬಿನಲ್ಲಿ ಕಾರ್ಮಕ್ ಬಾಟಲಿಗಳ ಫ್ರಿಜ್ಜಿನ ಕಡೆಗೇ ನೋಡುತ್ತ ನಿಂತ. ಗಾಲ್ವೇಯ ಆ ಸಂಜೆಯ ನಂತರ ನಲ್ಲಿಯಿಂದ ಹಿಡಿದದ್ದನ್ನು ಒಂದು ಸಲವೂ ಕುಡಿದಿಲ್ಲ ಎಂದು ವಿನಯ್‌ಗೆ ಮೆಲ್ಲಗೆ ಹೇಳಿದ. ಅದು ಧನಂಜಯರ ಕಿವಿಗೂ ಬಿತ್ತು. ಆಮೇಲೆ ಕಾರ್ಮಕ್ ಕೌಂಟರಿನ ನಲ್ಲಿಗಳನ್ನು ಒಂದೊಂದಾಗಿ ನೋಡಿ ಕೇಳಿದ, “ಇವನ್ನ ಯಾರು ತೊಳೆದದ್ದು?”

“ನಾನೇ. ಇವತ್ತು ಬೆಳಿಗ್ಗೆ.”

“ಎಲ್ಲಾನೂ?”

“ಎಲ್ಲಾನೂ. ಪ್ರತಿಯೊಂದರ ನೀರೂ ಕುಡಿದು ನೋಡಿದೀನಿ.”

ಕಾರ್ಮಕ್ ಸೈಡರ್ ಹೇಳಿದ. ನಲ್ಲಿಯಿಂದ. ಗ್ಲಾಸು ಮುಂದೆ ಬಂದು ಕೂತಿತು. ಅವನು ಸ್ವಲ್ಪ ಹೊತ್ತು ಅದನ್ನೇ ನೋಡಿದ. ಎತ್ತಿದ. ಸಣ್ಣ ಗುಟುಕು. ಬಾಯಲ್ಲಿ ಹಾಗೇ ಇಟ್ಟುಕೊಂಡು, ನುಂಗಿದ. ಇನ್ನೊಂದು ಗುಟುಕು. ಆಮೇಲೆ ಗ್ಲಾಸು ಕೆಳಗಿಟ್ಟು, ಐರ್ಲೆಂಡಿನ ಸೈಡರಿನಷ್ಟು ಚೆನ್ನಾಗಿಲ್ಲ ಎಂದ. ವಿನಯ್ ಗಟ್ಟಿಯಾಗಿ ನಕ್ಕರು. ಧನಂಜಯ ಎದ್ದು ಹೊರಗೆ ಹೋಗಿ ಫುಟ್‌ಪಾತಿನ ಮೇಲೆ ಐದು ನಿಮಿಷ ನಿಂತು, ಮುಖ ಒರೆಸಿಕೊಂಡು ಒಳಗೆ ಬಂದರು. ಉಳಿದ ಮೂರು ಪಬ್ಬುಗಳನ್ನೂ ಅಂದು ಮುಗಿಸಿದರಂತೆ.

ಕ್ಷಮೆ ಕೇಳಿದಿರಾ ಎಂದು ವಿಚಾರಿಸಿದೆ. “ಕೇಳ್ಬೇಕು ಅಂತ ಬಾಯಿ ತೆಗೆದೆ. ಅವನು, ಮುಂದಿನ ಪಬ್ಬು ಎಷ್ಟು ದೂರ ಅಂದ. ಅಷ್ಟೇ.”

ಕಾಫಿ ಮುಗಿದಿದೆ. ಪಬ್ಬಿನ ಮುಂದೆ ಹಸಿರು ಟೋಪಿಗಳ ಸಾಲು ಈಗ ಬೀದಿಯ ತಿರುವಿನವರೆಗೂ ಬೆಳೆದಿದೆ. ಒಳಗೆ ಯಾರೋ ಪಿಟೀಲಿನ ತಂತಿ ಬಿಗಿಯುತ್ತಿದ್ದಾರೆ. ಧನಂಜಯರಿಗೆ ಇನ್ನೂ ಮೂರು ಪಬ್ಬು ಬಾಕಿ. ಆಮೇಲೆ ಪಾಪಟೋಟೊಯಿಯ ಇಂಡಿಯನ್ ಅಂಗಡಿಯಲ್ಲಿ ಕರಿಬೇವು ಕೊಂಡು ಮನೆಗೆ ಹೋಗಬೇಕು. ಆರು ವರ್ಷದ ಮಗಳು ಹರ್ಷಿತಾಗೆ ಈಜಿನ ಕ್ಲಾಸಿದೆ. ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳದು ಇಂಗ್ಲಿಷಿನಲ್ಲೇ ಉತ್ತರ.

ಮುಂದೆ ಏನಾಸೆ ಎಂದು ಕೇಳಿದೆ. ಎರಡು ವರ್ಷದ ಹಿಂದೆ ಕಾರ್ಮಕ್ ಗಾಲ್ವೇಗೆ ಮರಳಿ, ಅಣ್ಣನ ಜೊತೆ ಸೇರಿ ಸಮುದ್ರದ ಕಡೆ ಸಣ್ಣದೊಂದು ಪಬ್ಬು ತೆರೆದಿದ್ದಾನೆ. ಕೌಂಟರ್ ಅವನೇ ಕೈಯಾರೆ ಮಾಡಿದ್ದು, ಫೋಟೋ ಕಳಿಸಿದ್ದಾನೆ. ಧನಂಜಯ ಅದನ್ನು ಫೋನಿನಲ್ಲಿ ತೆಗೆದು ತೋರಿಸುತ್ತಾರೆ. ಕರಿಮರದ ಹೊಳೆಯುವ ಹಲಗೆ, ಅದರ ಮೇಲೆ ನಾಲ್ಕು ಹಿತ್ತಾಳೆ ನಲ್ಲಿ.

“ಇದರ ಪೈಪು ತೊಳೆಯೋಕೆ ಒಳ್ಳೆ ಜನ ಸಿಗ್ತಿಲ್ವಂತೆ” ಎನ್ನುತ್ತ ಫೋನು ಜೇಬಿಗಿಳಿಸಿ ಯೂಟ್ ಸ್ಟಾರ್ಟ್ ಮಾಡುತ್ತಾರೆ. “ರಜ ಸಿಕ್ಕಾಗ ವೇದಾನ, ಮಗಳನ್ನ ಕರ್ಕೊಂಡು ಹೋಗ್ಬೇಕು ಸರ್. ಒಂದು ಬೆಳಿಗ್ಗೆ ಕೂತು ನಾಲ್ಕೂ ಪೈಪು ತೊಳೆದುಕೊಟ್ಟು ಬರ್ತೀನಿ. ಯಾವ ಗಡಿಬಿಡೀನೂ ಇಲ್ದೆ.”