ಯಾಕಮ್ಮ ಹಿಡಿದ ಗಂಟು

ಯಾಕಮ್ಮನ ಸುದ್ದಿ ನನ್ನ ಕಿವಿಗೆ ಮೊದಲು ಬಿದ್ದದ್ದು ಒಂದು ಮಂಗಳವಾರ ಸಂಜೆ. ನಾನು ಮೆಟ್ಟಿಲ ಮೇಲೆ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದೆ. ಆಸ್ಪತ್ರೆಯಿಂದ ಕೆಲಸ ಮುಗಿಸಿ ಬಂದ ನನ್ನ ತಂಗಿ ಚಪ್ಪಲಿಯನ್ನೂ ಬಿಡದೆ ಶುರುಮಾಡಿದಳು.

"ಅಕ್ಕಾ, ನಮ್ಮ ಲಾಂಡ್ರಿಗೆ ಪತ್ತೇದಾರಿ ಬಂದಿದ್ದಾಳೆ!"

"ಯಾರೇ ಅದು?"

"ಚೀಟಿ ಕೌಂಟರಲ್ಲಿ ಕೂರ್ತಾಳಲ್ಲ, ಕನ್ನಡಕದವಳು. ನೋಟ್‌ಬುಕ್ ಹಿಡ್ಕೊಂಡು ಎರಡು ಗಂಟೆ ನಿಂತಿದ್ದಳು. ಸೋಪಿನ ಪುಡಿ ಯಾಕೆ ಮೊದಲು, ನೀರು ಯಾಕೆ ಆಮೇಲೆ, ಗಾಡಿ ಯಾಕೆ ಆ ಬಾಗಿಲಿಂದ. ಮೇಸ್ತ್ರಿ ಅವಳಿಗೆ ಯಾಕಮ್ಮ ಅಂತ ಹೆಸರಿಟ್ಟಾಯ್ತು."

"ನೀವೇನು ಹೇಳಿದ್ರಿ?"

"ಬಾಯಿಗೆ ಬೀಗ. ಯಾರನ್ನ ಕೆಲಸದಿಂದ ತೆಗೀಬೇಕು ಅಂತ ನೋಡೋಕೆ ಬಂದಿದ್ದಾಳೋ ಏನೋ. ನಮ್ಮಕ್ಕ ಇಪ್ಪತ್ತೆಂಟು ವರ್ಷ ಇಲ್ಲೇ ಮಾಡಿದ್ದಾಳೆ, ಹೋಗಿ ಅವಳನ್ನ ಕೇಳು ಅಂತ ಸಾಗಹಾಕಿದೆ."

"ಅಯ್ಯೋ ನಿನ್ನ! ನನ್ನ ತಲೆಗೆ ಕಟ್ಟಿದೆಯಾ?"

ಕಟ್ಟಿಯೇ ಆಗಿತ್ತು. ಮಾರನೆಯ ದಿನ ಯಾಕಮ್ಮ ನಮ್ಮ ಬಾಗಿಲಲ್ಲಿ ನಿಂತಿದ್ದಳು. ಮೂವತ್ತೆಂಟರ ಆಸುಪಾಸು, ಕಡ್ಡಿಯಂಥ ಮೈ, ತುರುಬಿನಲ್ಲಿ ಎರಡು ಪೆನ್ನು. ಮಾತಾಡುವಾಗ ಕುರ್ಚಿಯ ತುದಿಗೆ ಬಂದು ಕೂರುತ್ತಿದ್ದಳು, ಈಗಲೋ ಆಗಲೋ ಹಾರಿಹೋಗುವ ಹಕ್ಕಿಯ ಹಾಗೆ. ಹನ್ನೊಂದು ವರ್ಷ ಚೀಟಿ ಕೌಂಟರಿನಲ್ಲಿ ಕೂತಿದ್ದಾಳಂತೆ. ಸಾಲು ಎಲ್ಲಿ ಸಿಕ್ಕಿಕೊಳ್ಳುತ್ತದೆ, ಯಾಕೆ ಸಿಕ್ಕಿಕೊಳ್ಳುತ್ತದೆ ಎಲ್ಲವೂ ಅವಳಿಗೆ ಗೊತ್ತಿತ್ತು. ಯಾರೂ ಅವಳನ್ನು ಕೇಳಿರಲಿಲ್ಲ. ಹಾಗೆ ಕೇಳುವುದೇ ಒಂದು ಉದ್ಯೋಗ, ಅದಕ್ಕೆ ಬಿಸಿನೆಸ್ ಅನಲಿಸ್ಟ್ ಅಂತ ಹೆಸರು ಎಂದು ತಿಳಿದ ದಿನದಿಂದ ಅವಳಿಗೆ ಕೂತಲ್ಲಿ ಕೂರಲಾಗಿರಲಿಲ್ಲ. ಬಸ್ಸಿನಲ್ಲಿ ಹೋಗುವಾಗ ಬರುವಾಗ ಫೋನಿನಲ್ಲೇ ಪಾಠ ಕೇಳಿ ಕಲಿಯುತ್ತಿದ್ದಳು.

"ಅದೇನಮ್ಮಾ ಆ ಕೆಲಸ?" ಎಂದೆ.

"ಕೆಲಸ ಮಾಡೋರು ಹೇಳಿದ್ದು ಕಂಪ್ಯೂಟರ್ ಮಾಡೋರಿಗೆ ತಿಳಿಯಲ್ಲ ದೊಡ್ಡಮ್ಮ, ಅವರು ಹೇಳಿದ್ದು ಇವರಿಗೆ ತಿಳಿಯಲ್ಲ. ನಾನು ನಡುವೆ ಕೂತು, ಯಾರಿಗೆ ನಿಜವಾಗಿ ಏನು ಬೇಕು ಅಂತ ಕಂಡುಹಿಡಿದು ಬರೆದುಕೊಡೋದು."

"ಅಂದ್ರೆ ಮದುವೆ ದಲ್ಲಾಳಿ."

"ಹೂಂ, ಹಾಗೇ ಅಂದ್ಕೊಳ್ಳಿ. ಇಬ್ಬರ ಕೈಲೂ ಬೈಸಿಕೊಳ್ಳೋ ಕೆಲಸ!" ಎಂದು ನಕ್ಕಳು.

ವಿಷಯ ಇಷ್ಟು. ಆಸ್ಪತ್ರೆಗೆ ಪ್ರತಿವರ್ಷ ಹೊಸ ಬೆಡ್‌ಶೀಟು ಬರುತ್ತಿದ್ದವು, ಆದರೂ ವಾರ್ಡುಗಳಲ್ಲಿ ಪ್ರತಿದಿನ ಕೂಗಾಟ. ಶೀಟುಗಳು ಎಲ್ಲಿ ಮಾಯವಾಗುತ್ತವೋ ಯಾರಿಗೂ ಗೊತ್ತಿರಲಿಲ್ಲ. ಲೆಕ್ಕಕ್ಕೆ ಕಂಪ್ಯೂಟರ್ ತರುವ ಮೊದಲು ಒಬ್ಬ ಅನಲಿಸ್ಟನ್ನು ಹೊರಗಿನಿಂದ ಕರೆಸುವವರಿದ್ದರು. ಇವಳು ಆಡಳಿತಾಧಿಕಾರಿಯ ಕೋಣೆಗೆ ನುಗ್ಗಿ, ನನಗೊಂದು ಅವಕಾಶ ಕೊಡಿ ಎಂದಿದ್ದಳು. ಮೂರು ವಾರ ಕೊಟ್ಟಿದ್ದರು. ಕಾರಣ ಹಿಡಿದರೆ ಆ ಕುರ್ಚಿ ಅವಳದು, ಇಲ್ಲದಿದ್ದರೆ ಮತ್ತೆ ಚೀಟಿ ಕೌಂಟರು.

ನಾನು ಹೇಳುತ್ತಾ ಹೋದೆ, ಅವಳು ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಚೌಕ ಬರೆದು ಬಾಣ ಎಳೆಯುತ್ತಾ ಹೋದಳು. ವಾರ್ಡಿನಿಂದ ಬಂದದ್ದು ಎಣಿಸುವುದು, ಕಲೆಯದು ಬೇರೆ, ಒಗೆದು, ಒಣಗಿಸಿ, ಮಡಿಸಿ, ಮತ್ತೆ ಎಣಿಸಿ, ವಾರ್ಡಿಗೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಇಪ್ಪತ್ತೆಂಟು ವರ್ಷದ ನನ್ನ ದುಡಿಮೆ ಊರಿನ ನಕಾಶೆಯ ಹಾಗೆ ಒಂದು ಹಾಳೆಯ ಮೇಲೆ ಬಂದದ್ದನ್ನು ನೋಡಿ ನನಗೆ ಕೋಡು ಮೂಡಿತು.

ಮುಂದಿನ ಶುಕ್ರವಾರ ಬಂದವಳ ಮುಖ ಸಪ್ಪಗಿತ್ತು.

"ಏನಾಯ್ತೇ?"

"ತೋರಿಸಿದೆ. ಆಡಳಿತಾಧಿಕಾರಿ ಒಂದೇ ಮಾತು ಅಂದ್ರು. ಲಾಂಡ್ರಿ ಗೋಡೆ ಮೇಲಿರೋ ನಿಯಮದ ಬೋರ್ಡಿಗೆ ಬಾಣ ಹಾಕ್ಕೊಂಡು ಬಂದಿದ್ದೀರಿ ಅಂತ. ಸೋಮವಾರ ಕೊನೆ ಗಡುವು."

ಅವರು ಅಂದದ್ದು ನಿಜ. ನೋಟ್‌ಬುಕ್ ಹಿಡಿದವರು ಯಾರೇ ಬರಲಿ, ನಮ್ಮ ಲಾಂಡ್ರಿಯವರು ಆ ಬೋರ್ಡನ್ನೇ ಗಿಳಿಪಾಠ ಒಪ್ಪಿಸುವುದು. ತಪಾಸಣೆಯವರಿಗೆ ಹಾಗೆ ಒಪ್ಪಿಸಿ ಒಪ್ಪಿಸಿ ನನ್ನ ಬಾಯಿಗೆ ಬೇರೆ ಹಾದಿಯೇ ಗೊತ್ತಿರಲಿಲ್ಲ. ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ.

ಅವಳು ನನ್ನನ್ನು ಬೈಯಲಿಲ್ಲ. ನಾನು ಕೊಟ್ಟ ಬಿಸ್ಕತ್ತನ್ನು ಪುಡಿಪುಡಿ ಮಾಡಿ ತಟ್ಟೆಯಲ್ಲೇ ಬಿಟ್ಟು ಎದ್ದು ಹೋದಳು. ಹೋದವಳು ಭಾನುವಾರ ಬೆಳಿಗ್ಗೆ, ನನ್ನ ತಂಗಿಯೂ ಮನೆಯಲ್ಲಿದ್ದಾಗ, ಹೆಗಲ ಮೇಲೊಂದು ಮೂಟೆ ಹೊತ್ತು ಬಂದಳು. ಮೇಸ್ತ್ರಿಗೆ ಸಹಿ ಹಾಕಿಕೊಟ್ಟು ತಂದ ಇಪ್ಪತ್ತು ಶೀಟುಗಳು, ಒಗೆದವು, ಇನ್ನೂ ಮಡಿಸದವು.

"ಇವತ್ತು ಬಾಯಿ ಬೇಡ ದೊಡ್ಡಮ್ಮ, ಕೈ ಸಾಕು. ಕೇಳೋದು ಅರ್ಧ ಕೆಲಸ, ಕೂತು ನೋಡೋದು ಇನ್ನರ್ಧ ಅಂತ ಪಾಠದಲ್ಲಿತ್ತು. ಆ ಪಾಠ ಬರೋ ಹೊತ್ತಿಗೆ ನನ್ನ ಸ್ಟಾಪ್ ಬಂದಿತ್ತು, ಇಳಿದುಬಿಟ್ಟೆ!"

ನಾನೂ ತಂಗಿಯೂ ಎದುರುಬದುರು ನಿಂತು ಮಡಿಸತೊಡಗಿದೆವು. ಝಾಡಿಸು, ಎಳೆ, ಮಡಿಸು. ಕೈ ಮರೆತಿರಲಿಲ್ಲ. ತಂಗಿ ಮೇಸ್ತ್ರಿಯ ಗೊರಕೆಯನ್ನು ಅಣಕಿಸುತ್ತಿದ್ದಳು, ನಾನು ನಗುತ್ತಿದ್ದೆ. ಏಳನೆಯದೋ ಎಂಟನೆಯದೋ ಶೀಟು ಇರಬೇಕು.

"ನಿಲ್ಲಿಸಿ! ಅದೇನು?"

"ಯಾವುದೇ?"

"ಈಗ ಮಾಡಿದಿರಲ್ಲ. ಮೂಲೆಗೆ ಗಂಟು ಹಾಕಿ ಪಕ್ಕಕ್ಕೆ ಎಸೆದಿರಿ."

ನೋಡಿದೆ. ಹೌದು, ಗಂಟು. ಆಣೆಮಾಡಿ ಹೇಳುತ್ತೇನೆ, ಹಾಕಿದ್ದು ನನಗೇ ಗೊತ್ತಿರಲಿಲ್ಲ.

"ಓ, ಅದಾ. ನಡುವೆ ತೆಳ್ಳಗಾಗಿದೆ, ನಾಳೆ ಹರಿಯುತ್ತೆ. ಹೊಲಿಗೆಗೆ ಹೋಗೋದು."

"ನಾವೆಲ್ಲರೂ ಹಾಕ್ತೀವಿ," ಎಂದಳು ತಂಗಿ. "ಅಕ್ಕನೇ ಕಲಿಸಿದ್ದು."

"ಯಾಕೆ ಗಂಟು?"

"ನಮ್ಮ ಯಜಮಾನರಿಗೆ ಗುರುತು," ಎಂದೆ. ಅವರು ಅದೇ ಆಸ್ಪತ್ರೆಯ ದರ್ಜಿ. ಬಾಯ್ಲರಿನ ಪಕ್ಕದ ಕೋಣೆ ಅವರದು. ನಾನು ಗಂಟು ಹಾಕಿ ಕಳಿಸುವುದು, ಅವರು ಬಿಚ್ಚಿ ಹೊಲಿಯುವುದು. ಹಗಲೆಲ್ಲ ನಮ್ಮಿಬ್ಬರ ಮಾತುಕತೆ ಅಷ್ಟೇ.

ಅವಳು ಪೆನ್ನು ಕೆಳಗಿಟ್ಟು, ಗೋಡೆಯ ಮೇಲೆ ಹಾರ ಹಾಕಿದ್ದ ಅವರ ಫೋಟೋ ನೋಡಿದಳು. ಮೆಲ್ಲಗೆ ಕೇಳಿದಳು: "ದೊಡ್ಡಪ್ಪ ತೀರಿಕೊಂಡು ಎಷ್ಟು ವರ್ಷ?"

"ಆರು."

"ಈಗ ಯಾರು ಹೊಲೀತಾರೆ?"

ಅವರು ಹೋದ ಮೇಲೂ ನಾನು ಒಂದು ವರ್ಷ ಕೆಲಸ ಮಾಡಿದ್ದೆ, ಆದರೆ ಆ ಕೋಣೆಯ ಕಡೆ ಕಾಲಿಟ್ಟಿರಲಿಲ್ಲ. ಯಾರೋ ಬಂದಿರಬೇಕು ಅಂದುಕೊಂಡಿದ್ದೆ. ಎಲ್ಲರೂ ಹಾಗೇ ಅಂದುಕೊಂಡಿದ್ದರು.

ಮೂವರೂ ಆಸ್ಪತ್ರೆಗೆ ಓಡಿದೆವು. ನನ್ನ ಮಂಡಿ ನೋವು ಅವತ್ತು ಎಲ್ಲಿ ಹೋಗಿತ್ತೋ! ಗಂಟಿನ ಶೀಟುಗಳನ್ನು ಒಯ್ಯುವ ತಳ್ಳುಗಾಡಿಯವನನ್ನು ಹಿಡಿದು ಹೊಲಿಗೆ ಕೋಣೆಯ ಬೀಗ ತೆಗೆಸಿದೆವು. ಬಾಗಿಲು ಅರ್ಧ ಮಾತ್ರ ತೆರೆಯಿತು. ಒಳಗೆ ನೆಲದಿಂದ ಕಿಟಕಿಯ ಮೇಲಿನವರೆಗೆ ಬಿಳೀ ಗುಡ್ಡ. ಒಂದೊಂದರ ಮೂಲೆಯಲ್ಲೂ ಗಂಟು.

"ಸಿಕ್ತು! ದೊಡ್ಡಮ್ಮ, ಸಿಕ್ತು!" ಯಾಕಮ್ಮ ನನ್ನನ್ನು ತಬ್ಬಿಕೊಂಡು ಒಂದು ಸುತ್ತು ತಿರುಗಿಸಿದಳು.

ತಂಗಿ ತಳ್ಳುಗಾಡಿಯವನನ್ನು ತರಾಟೆಗೆ ತೆಗೆದುಕೊಂಡಳು. "ಕಣ್ಣಿಲ್ವಾ ನಿಂಗೆ? ಇಷ್ಟು ವರ್ಷ ತಂದು ತಂದು ತುಂಬಿದೀಯಲ್ಲ!"

"ಒಳಗೆ ಹಾಕು ಅಂದ್ರು, ಹಾಕಿದೆ. ಹೊಲಿ ಅಂತ ಯಾರಾದ್ರೂ ಅಂದ್ರಾ?"

ಅವನದೇನು ತಪ್ಪು? ನಾನು ಬಾಗಿಲ ಸಂದಿಯಿಂದ ಒಳಗೆ ಇಣುಕಿದೆ. ಅವರ ಹೊಲಿಗೆ ಯಂತ್ರ ಆ ಗುಡ್ಡದ ಅಡಿಯಲ್ಲೆಲ್ಲೋ ಇತ್ತು. ಆರು ವರ್ಷ ನಾವೆಲ್ಲ ಅವರಿಗೆ ಕೆಲಸ ಕಳಿಸುತ್ತಲೇ ಇದ್ದೆವು.

ಸೋಮವಾರ ನನ್ನನ್ನೂ ಕರೆದುಕೊಂಡು ಹೋದಳು. ಹೊಸ ಹಾಳೆಯಲ್ಲಿ ಎಲ್ಲ ಚೌಕವೂ ನೀಲಿ, ಒಂದು ಮಾತ್ರ ಕೆಂಪು: "ಗಂಟು." ಅಲ್ಲಿಂದ ಹೊರಟ ಬಾಣದ ತುದಿಯಲ್ಲಿ ಖಾಲಿ ಕುರ್ಚಿಯ ಚಿತ್ರ. ಆಡಳಿತಾಧಿಕಾರಿ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಇದು ಬೋರ್ಡಿನಲ್ಲಿಲ್ಲವಲ್ಲ," ಎಂದರು. "ಇಲ್ಲ ಸರ್, ಇವರ ಕೈಯಲ್ಲಿತ್ತು," ಎಂದು ನನ್ನ ಕೈ ಎತ್ತಿ ತೋರಿಸಿದಳು. ಗೆದ್ದ ಪೈಲ್ವಾನನ ಕೈ ಎತ್ತುತ್ತಾರಲ್ಲ, ಹಾಗೆ. ಹೊರಗಿನಿಂದ ಯಾರನ್ನೂ ಕರೆಸಲಿಲ್ಲ. ಒಬ್ಬಳು ದರ್ಜಿ ಬಂದಳು. ಅನಲಿಸ್ಟಿನ ಕುರ್ಚಿ ಯಾಕಮ್ಮನದಾಯಿತು.

ನಿನ್ನೆ ಸಂಜೆ ಮತ್ತೆ ಬಂದಿದ್ದಳು. ನಾಳೆಯಿಂದ ಔಷಧಿ ಕೊಡುವ ವಿಭಾಗವಂತೆ; ಅಲ್ಲಿಯ ಗೋಡೆಯ ಮೇಲೆ ಮೂರು ಬೋರ್ಡುಗಳಿವೆಯಂತೆ. ತುರುಬಿನಿಂದ ಪೆನ್ನು ಕಿತ್ತು, ಕುರ್ಚಿಯ ತುದಿಗೆ ಬಂದು ಕೂತಳು. ಕಣ್ಣು ಮಿನುಗುತ್ತಿತ್ತು.

"ದೊಡ್ಡಮ್ಮ, ಒಂದು ಸಹಾಯ ಮಾಡಿ. ನೀವೇ ಔಷಧಿ ಕೊಡೋರು ಅಂದ್ಕೊಳ್ಳಿ, ನಾನು ಕೇಳೋಕೆ ಬಂದಿದ್ದೀನಿ. ಬೋರ್ಡನ್ನೇ ಒಪ್ಪಿಸಿ, ಕೈಲಾದಷ್ಟು ನನ್ನ ಕಣ್ಣಿಗೆ ಮಣ್ಣೆರಚಿ. ಎಲ್ಲಿ ಹಿಡೀತೀನಿ ನೋಡೋಣ, ಹೂಂ?"