ಕಾಂತಪ್ಪನವರು ಕೈಯಾರೆ ಕಟ್ಟಿದ ಲೋಲಾಕ್ಷಿ

ಗುಂಡಿ ಒತ್ತಿದರೆ ಆಗಿಬಿಡುವ ಕೆಲಸವನ್ನು ಕಾಂತಪ್ಪನವರು ಕೆಲಸವೆಂದು ಒಪ್ಪುತ್ತಿರಲಿಲ್ಲ. ದೆಹಲಿಯ ದ್ವಾರಕಾದ ಅವರ ಫ್ಲ್ಯಾಟಿನಲ್ಲಿ ವಾಷಿಂಗ್ ಮಷೀನ್ ಇತ್ತು. ಆದರೂ ತಮ್ಮ ಬಿಳಿ ಅಂಗಿಗಳನ್ನು ಅವರು ಭಾನುವಾರ ಬಾಲ್ಕನಿಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಕೈಯಲ್ಲೇ ಒಗೆಯುತ್ತಿದ್ದರು. ಆ ನೀರು ಕೆಳಗಿನ ಮಹಡಿಯ ನಿವೃತ್ತ ಕರ್ನಲ್ ಸಾಹೇಬರ ಪೇಪರಿನ ಮೇಲೆ ತೊಟ್ಟಿಕ್ಕಿ ಆಗಾಗ ಜಗಳವೂ ಆಗುತ್ತಿತ್ತು. ತಾನಾಗಿಯೇ ಫೋಕಸ್ ಮಾಡಿಕೊಳ್ಳುವ ದುಬಾರಿ ಕ್ಯಾಮೆರಾ ಕೊಂಡು, ಆ ಸೌಲಭ್ಯವನ್ನು ಆಫ್ ಮಾಡಿ, ನಮ್ಮ ಸೊಸೈಟಿಯ ಯುಗಾದಿ ಕೂಟದ ಫೋಟೋಗಳನ್ನೆಲ್ಲ ಮಸುಕಾಗಿ ತೆಗೆದುಕೊಟ್ಟ ಕೀರ್ತಿಯೂ ಅವರದೇ.

ಇಂಥವರಿಗೆ ಕಂಪ್ಯೂಟರಿನ ಕೆಲಸ ಸಿಕ್ಕಿದ್ದು ದೇವರ ತಮಾಷೆ. ನೋಯ್ಡಾದಲ್ಲಿ ಒಂದು ಲಾರಿ ಪಾರ್ಸೆಲ್ ಕಂಪನಿಯ ಕಂಪ್ಯೂಟರ್ ವಿಭಾಗದಲ್ಲಿ ಡೇಟಾಬೇಸುಗಳನ್ನು ನೋಡಿಕೊಳ್ಳುವುದು ಅವರ ಜವಾಬ್ದಾರಿ. ಹೆಂಡತಿ ಲೋಲಾಕ್ಷಿಯವರು ಕರೋಲ್ ಬಾಗಿನಲ್ಲಿ ತಮ್ಮ ಅಣ್ಣ ಶಂಕರ ನಡೆಸುತ್ತಿದ್ದ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಇಬ್ಬರೂ ಪುತ್ತೂರು ಕಡೆಯವರು. ಬೆಳಿಗ್ಗೆ ಒಟ್ಟಿಗೆ ಮೆಟ್ರೋ ಹತ್ತುತ್ತಿದ್ದರು. ಆಕೆ ಕರೋಲ್ ಬಾಗಿನಲ್ಲಿ ಇಳಿದರೆ, ಈತ ಮುಂದೆ ಹೋಗಿ ಬಸ್ಸು ಹಿಡಿದು ಯಮುನೆ ದಾಟುತ್ತಿದ್ದರು. ನೋಯ್ಡಾದವರೆಗೆ ಮೆಟ್ರೋ ಆಗ ಇನ್ನೂ ಬಂದಿರಲಿಲ್ಲ. ಈ ಕತೆಯನ್ನು ನಾನು ಗಂಡ ಹೆಂಡತಿ ಇಬ್ಬರಿಂದಲೂ ಬೇರೆ ಬೇರೆಯಾಗಿ ಕೇಳಿದ್ದೇನೆ. ಎರಡೂ ಪೂರ್ತಿ ಹೊಂದುವುದಿಲ್ಲವಾದ್ದರಿಂದ ನಡುವಿನ ದಾರಿ ಹಿಡಿದಿದ್ದೇನೆ.

ಆ ವರ್ಷ ಕಂಪನಿಯವರು ಒಂದು ಮಾನಿಟರಿಂಗ್ ಅಪ್ಲಿಕೇಶನ್ ಕೊಂಡರು. ಅದು ಎಲ್ಲ ಸರ್ವರುಗಳ ನಾಡಿಯನ್ನು ಪ್ರತಿ ನಿಮಿಷವೂ ಹಿಡಿದು ನೋಡುತ್ತದೆ, ಯಾವುದಕ್ಕಾದರೂ ಹುಷಾರಿಲ್ಲದಿದ್ದರೆ ತಕ್ಷಣ ಸಂಬಂಧಪಟ್ಟವರ ಮೊಬೈಲಿಗೆ ಮೆಸೇಜ್ ಕಳಿಸುತ್ತದೆ. ನೋಡಿದ್ದನ್ನೆಲ್ಲ ಬರೆದಿಡಲು ಅದಕ್ಕೆ ತನ್ನದೇ ಒಂದು ಡೇಟಾಬೇಸ್ ಬೇಕು. ಸೀಡಿ ಹಾಕಿ, ತೆರೆಯ ಮೇಲೆ ಬರುವ ‘ಟಿಪಿಕಲ್’ ಎಂಬ ಗುಂಡಿ ಒತ್ತಿದರೆ ಆ ಡೇಟಾಬೇಸ್ ತಾನಾಗಿಯೇ ಸಿದ್ಧವಾಗುತ್ತಿತ್ತು.

“ಟಿಪಿಕಲ್ ಒತ್ತಿ, ಚಾಯ್ ಕುಡಿದು ಬನ್ನಿ, ಕೆಲಸ ಖತಮ್,” ಎಂದರು ಮ್ಯಾನೇಜರ್ ಸುಮಿತ್. ವಯಸ್ಸಿನಲ್ಲಿ ಕಾಂತಪ್ಪನವರಿಗಿಂತ ಚಿಕ್ಕವರು, ದೆಹಲಿಯವರೇ.

“ಟಿಪಿಕಲ್ ಅಂದ್ರೆ ಯಾರಿಗೆ ಟಿಪಿಕಲ್ ಸರ್? ನಮ್ಮ ಮಷೀನಿನ ವಿಷಯ ಆ ಸೀಡಿಗೆ ಏನು ಗೊತ್ತು?” ಎಂದರು ಕಾಂತಪ್ಪ.

ಸುಮಿತ್ ವಾದಕ್ಕೆ ನಿಲ್ಲಲಿಲ್ಲ. ಕಾಂತಪ್ಪನವರೊಡನೆ ವಾದಿಸುವ ಹೊತ್ತಿನಲ್ಲಿ ಡೇಟಾಬೇಸನ್ನು ಕೈಯಲ್ಲೇ ಕಟ್ಟಿಬಿಡಬಹುದೆಂದು ಅವರಿಗೆ ಅನುಭವದಿಂದ ಗೊತ್ತಿತ್ತು.

ಕಾಂತಪ್ಪನವರು ಶುರು ಮಾಡಿದರು. ಮೊದಲು ಫೈಲುಗಳು ಇರಬೇಕಾದ ಜಾಗಗಳನ್ನು ಒಂದೊಂದಾಗಿ ಮಾಡಿದರು. ಆಮೇಲೆ ಮೆಮೊರಿ ಎಷ್ಟು, ಫೈಲುಗಳು ಎಲ್ಲಿ, ಯಾರಿಗೆ ಎಷ್ಟು ಹಕ್ಕು ಎಂದು ಸಾಲು ಸಾಲಾಗಿ ಟೈಪ್ ಮಾಡಿದರು. ಡೇಟಾಬೇಸ್ ಎಂದರೆ ಉಗ್ರಾಣ. ಇನ್‌ಸ್ಟನ್ಸ್ ಎಂದರೆ ಮೆಮೊರಿಯಲ್ಲಿ ಎಚ್ಚರವಾಗಿದ್ದು ಆ ಉಗ್ರಾಣವನ್ನು ನಡೆಸುವ ಜೀವ. ಉಗ್ರಾಣ ಹುಟ್ಟುವ ಮೊದಲೇ ಆ ಜೀವವನ್ನು ಬರಿದೇ ಎಬ್ಬಿಸಿ ನಿಲ್ಲಿಸಬೇಕು. ಕಾಂತಪ್ಪನವರಿಗೆ ಈ ಘಟ್ಟ ಬಹಳ ಪ್ರೀತಿ. “ನೋಡು, ಮನೆಯೇ ಇಲ್ಲ, ಯಜಮಾನತಿ ಎದ್ದು ನಿಂತಿದ್ದಾಳೆ,” ಎಂದು ಪಕ್ಕದಲ್ಲಿದ್ದ ನಿರೀಕ್ಷಾಗೆ ತೋರಿಸಿದರು. ನಿರೀಕ್ಷಾ ಮಂಗಳೂರಿನಿಂದ ಹೊಸದಾಗಿ ಕೆಲಸಕ್ಕೆ ಬಂದಿದ್ದ ಹುಡುಗಿ. ತೆರೆಯಲ್ಲಿ ಅವಳಿಗೆ ಮಿನುಗುವ ಒಂದು ಗೆರೆ ಬಿಟ್ಟು ಬೇರೇನೂ ಕಾಣಲಿಲ್ಲ. ಆದರೂ “ಚೆನ್ನಾಗಿದ್ದಾರೆ ಸರ್,” ಎಂದಳು.

ಇನ್ನು ಹೆಸರು. ಎಂಟು ಇಂಗ್ಲಿಷ್ ಅಕ್ಷರ ಮೀರುವಂತಿಲ್ಲ. ಸೀಡಿಯೇ ಸೂಚಿಸಿದ ಹೆಸರೊಂದಿತ್ತು, ಅದನ್ನು ಕಾಂತಪ್ಪನವರು ಕಣ್ಣೆತ್ತಿಯೂ ನೋಡಲಿಲ್ಲ. ಎಲ್ಲ ಕಡೆ ಕಣ್ಣಾಡಿಸುತ್ತಿರುವ ಅಪ್ಲಿಕೇಶನ್ನಿಗೆ ತಕ್ಕ ಹೆಸರು ಬೇಕಲ್ಲ. ಚಂಚಲವಾದ ಕಣ್ಣುಳ್ಳವಳು ಎಂದು ಮನಸ್ಸಿನಲ್ಲೇ ಅರ್ಥ ಬಿಡಿಸಿ, ಬೆರಳು ಮಡಚಿ ಅಕ್ಷರ ಎಣಿಸಿದರು. ಸರಿಯಾಗಿ ಎಂಟು! ಡೇಟಾಬೇಸಿಗೆ ಲೋಲಾಕ್ಷಿ ಎಂದು ನಾಮಕರಣವಾಯಿತು.

ಕೊನೆಗೆ ಉಗ್ರಾಣದ ಅಳತೆ. ತುಂಬಿದಂತೆಲ್ಲ ತಾನೇ ಬೆಳೆಯುವಂತೆ ಬಿಡಬಹುದಿತ್ತು. ಟಿಪಿಕಲ್ ಗುಂಡಿ ಮಾಡುತ್ತಿದ್ದದ್ದೂ ಅದನ್ನೇ. ಕಾಂತಪ್ಪನವರಿಗೆ ಅದು ಅಶಿಸ್ತು. “ಲಗಾಮು ನಮ್ಮ ಕೈಯಲ್ಲಿರಬೇಕು,” ಎಂದು ತಮಗೆ ತೋಚಿದ ಅಳತೆ ಕೊಟ್ಟು ಮುಗಿಸಿದರು. ವರದಿಗೆ ಸುಮಿತ್ ಓದದೆಯೇ ಸಹಿ ಹಾಕಿದರು. ಮೆಸೇಜ್ ಹೋಗಬೇಕಾದವರ ಪೈಕಿ ತಮ್ಮ ನಂಬರಿನ ಜೊತೆ, ತೀರಾ ಕೆಟ್ಟಾಗ ಮಾತ್ರ ಹೋಗುವಂತೆ, ಸುಮಿತರದ್ದನ್ನೂ ಸೇರಿಸಿ ಕಾಂತಪ್ಪ ತೃಪ್ತಿಯಿಂದ ಮನೆಗೆ ಹೋದರು. ಸೇರಿಸಿದ್ದನ್ನು ಸುಮಿತರಿಗೆ ಹೇಳುವುದೊಂದು ಬಾಕಿ ಉಳಿಯಿತು.

ಲೋಲಾಕ್ಷಿ ಕೆಲವು ದಿನ ಚೆನ್ನಾಗಿಯೇ ನಡೆಯಿತು. ಒಂದು ಬೆಳಿಗ್ಗೆ ಮೆಟ್ರೋ ತಪಾಸಣೆಯ ಸಾಲಿನಲ್ಲಿ ಕಾಂತಪ್ಪ ತಮ್ಮ ಫೋನನ್ನು ಹೆಂಡತಿಯ ಚೀಲಕ್ಕೆ ಹಾಕಿದರು. ವಾಪಸ್ ತೆಗೆದುಕೊಳ್ಳಲು ಮರೆತು ನೋಯ್ಡಾ ಸೇರಿದರು. ಸುಮಿತ್ ಅಂದು ಕನಾಟ್ ಪ್ಲೇಸಿನಲ್ಲಿ ಯಾವುದೋ ಮೀಟಿಂಗಿನಲ್ಲಿದ್ದರು. ಅಲ್ಲಿ ಅವರ ಫೋನು ಗುರುಗುಟ್ಟಿತು. ಗೊತ್ತಿಲ್ಲದ ನಂಬರಿನಿಂದ ಇಂಗ್ಲಿಷಿನಲ್ಲಿ ಎರಡೇ ಸಾಲು: ‘ಕ್ರಿಟಿಕಲ್: ಲೋಲಾಕ್ಷಿ. ನಾಟ್ ರೆಸ್ಪಾಂಡಿಂಗ್.’

ಸುಮಿತರಿಗೆ ಗೊತ್ತಿದ್ದ ಲೋಲಾಕ್ಷಿ ಜಗತ್ತಿನಲ್ಲಿ ಒಬ್ಬರೇ. ಆಕೆಯ ಹೋಟೆಲಿನಲ್ಲಿ ಅವರು ಎಷ್ಟೋ ಸಲ ನೀರುದೋಸೆ ತಿಂದಿದ್ದರು. ಕೂಡಲೇ ಹೊರಗೆ ಬಂದು ಫೋನ್ ಮಾಡಿದರು. ಕಾಂತಪ್ಪನವರ ಮೊಬೈಲನ್ನು ಯಾರೂ ಎತ್ತಲಿಲ್ಲ. ಸರ್ವರ್ ರೂಮಿನ ಫೋನಿಗೆ ಮಾಡಿದರು.

“ಕಾಂತಪ್ಪಜೀ, ಲೋಲಾಕ್ಷಿ ಕ್ರಿಟಿಕಲ್ ಅಂತ ಮೆಸೇಜ್ ಬಂದಿದೆ!”

“ಹೌದು ಸರ್, ಇಲ್ಲೂ ಕಾಣ್ತಾ ಉಂಟು. ಗಾಬರಿ ಮಾಡ್ಬೇಡಿ.”

“ಏನಾಯ್ತು?”

“ಹೊಟ್ಟೆ ತುಂಬಿ ಹೋಗಿದೆ ಸರ್. ಉಸಿರಾಡ್ಲಿಕ್ಕೆ ಜಾಗ ಇಲ್ಲ. ನಾನೇ ಸ್ವಲ್ಪ ಬಿಗಿ ಮಾಡಿ ಇಟ್ಟಿದ್ದೆ.”

“ಬಿಗಿ ಮಾಡಿ? ಯಾರನ್ನಾದ್ರೂ ಕರೆದಿರಾ?”

“ಬೇರೆಯವರು ಯಾಕೆ ಸರ್? ಅವಳ ವಿಷಯ ನನಗಿಂತ ಯಾರಿಗೆ ಗೊತ್ತು? ಒಮ್ಮೆ ಮಲಗಿಸಿ ಎಬ್ಬಿಸಿ ನೋಡ್ತೇನೆ. ಎದ್ದರೆ ಸರಿ. ಏಳದಿದ್ರೆ ನಾಳೆಯೇ ಹೊಸತೊಂದು ಮಾಡಿಕೊಳ್ಳುವಾ.”

ಮಾತೆಲ್ಲ ನಡೆದದ್ದು ಹಿಂದಿಯಲ್ಲಿ. ಹಿಂದಿಯ ಸ್ತ್ರೀಲಿಂಗ ಪುಲ್ಲಿಂಗಗಳು ಕಾಂತಪ್ಪನವರಿಗೆ ಎಂದೂ ಒಲಿದದ್ದಿಲ್ಲ. ಕುರ್ಚಿಯನ್ನು ಗಂಡು ಮಾಡುತ್ತಿದ್ದರು, ಬಾಗಿಲನ್ನು ಹೆಣ್ಣು. ಅಂದು ಮಾತ್ರ ಸ್ತ್ರೀಲಿಂಗ ಎಲ್ಲಿಯೂ ತಪ್ಪಲಿಲ್ಲ.

ಸುಮಿತ್ ಫೋನಿಟ್ಟರು. ಇಂಥ ಮನುಷ್ಯನ ಜೊತೆ ಇಷ್ಟು ವರ್ಷ ಒಂದೇ ಕ್ಯಾಂಟೀನಿನಲ್ಲಿ ಊಟ ಮಾಡಿದೆನಲ್ಲ ಎಂದು ಅವರಿಗೆ ಅನಿಸಿತಂತೆ. ಮೀಟಿಂಗ್ ಅರ್ಧಕ್ಕೆ ಬಿಟ್ಟು, ದಾರಿಯಲ್ಲಿ ಗ್ಲೂಕೋಸ್ ಡಬ್ಬಿ, ಮೂಸಂಬಿ ಕೊಂಡು, ಕರೋಲ್ ಬಾಗಿನ ಸೈಕಲ್ ರಿಕ್ಷಾಗಳ ನಡುವೆ ಕಾರು ನುಗ್ಗಿಸಿ ಹೋಟೆಲಿಗೆ ಬಂದರು.

ಲೋಲಾಕ್ಷಿಯವರು ಗಲ್ಲಾದ ಹಿಂದೆ ನಿಂತು ತೆಂಗಿನಕಾಯಿ ತಂದವನಿಗೆ ಬಯ್ಯುತ್ತಿದ್ದರು. “ಇದೇನು ಭಯ್ಯಾ, ಕಾಯಾ, ಕ್ರಿಕೆಟ್ ಚೆಂಡಾ? ಇದನ್ನು ಒಡೆದರೆ ಒಂದು ಬಟ್ಟಲು ಚಟ್ನಿ ಆಗ್ತದಾ?”

“ಭಾಭೀಜೀ!” ಎಂದರು ಸುಮಿತ್, ಮೂಸಂಬಿಯ ಚೀಲವನ್ನು ಎದೆಗವಚಿಕೊಂಡು. “ನೀವು ಯಾಕೆ ಎದ್ದು ನಿಂತಿದ್ದೀರಿ?”

“ಕೂತರೆ ಇವನು ಇನ್ನೂ ಸಣ್ಣ ಕಾಯಿ ಕೊಡ್ತಾನೆ. ಬನ್ನಿ ಬನ್ನಿ. ಮುಖ ಯಾಕೆ ಹೀಗಾಗಿದೆ? ಹುಷಾರಿಲ್ವಾ?”

ಸುಮಿತ್ ತಮ್ಮ ಫೋನನ್ನು ಅವರ ಮುಂದೆ ಹಿಡಿದರು. ಅಷ್ಟರಲ್ಲಿ ಲೋಲಾಕ್ಷಿಯವರ ಚೀಲದೊಳಗೂ ಟಿಣ್ ಎಂದಿತು. ಬೆಳಿಗ್ಗೆಯಿಂದ ಅದು ಟಿಣ್ ಟಿಣ್ ಎನ್ನುತ್ತಲೇ ಇತ್ತು, ಒಮ್ಮೆ ರಿಂಗೂ ಆಗಿತ್ತು. ಫೋನ್ ಕಂಪನಿಯವರ ಕಾಲರ್ ಟ್ಯೂನ್ ಹಾಡಿನ ಜಾಹೀರಾತು ಇರಬೇಕೆಂದು ಅವರು ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಗಂಡನ ಫೋನನ್ನು ಹೊರತೆಗೆದು ನೋಡಿದರು. ಲೋಲಾಕ್ಷಿ ಎಂಬತ್ತು ಪರ್ಸೆಂಟ್ ಫುಲ್. ಲೋಲಾಕ್ಷಿ ತೊಂಬತ್ತು ಪರ್ಸೆಂಟ್ ಫುಲ್. ಲೋಲಾಕ್ಷಿಗೆ ಜಾಗ ಸಾಲುತ್ತಿಲ್ಲ, ತಕ್ಷಣ ಕ್ರಮ ಕೈಗೊಳ್ಳಿ.

ದೀಪಾವಳಿಗೆ ಹೊಲಿಸಿದ ರವಿಕೆ ಬಿಗಿಯಾಗುತ್ತಿದೆಯೆಂದು ಅವರು ಗಂಡನೆದುರು ಗೊಣಗಿದ್ದು ಆ ವಾರವೇ. ಅದನ್ನು ಈ ಮನುಷ್ಯ ಊರಿಗೆಲ್ಲ ಮೆಸೇಜ್ ಮಾಡಿ ಹಂಚುತ್ತಿದ್ದಾನೆಯೇ? ಮುಖ ಕೆಂಪಗಾಯಿತು. ನೇರ ಆಫೀಸಿಗೆ ಫೋನ್ ಹಚ್ಚಿದರು. ಎತ್ತಿದ್ದು ನಿರೀಕ್ಷಾ.

“ಕಾಂತಪ್ಪನವರಿಗೆ ಕೊಡಿ.”

“ಸರ್ ಬಿಜಿ ಇದ್ದಾರೆ. ಲೋಲಾಕ್ಷಿಯನ್ನು ಎಬ್ಬಿಸ್ತಾ ಇದ್ದಾರೆ. ಯಾರು ಮಾತಾಡೋದು?”

“ಲೋಲಾಕ್ಷಿ.”

ನಿರೀಕ್ಷಾ ಅಳುಕುತ್ತ ಕೇಳಿದಳು, “ಯಾವ ಲೋಲಾಕ್ಷಿ, ಅಕ್ಕಾ?”

ಸುಮಿತರ ಕಾರಿನಲ್ಲೇ ಲೋಲಾಕ್ಷಿಯವರು ನೋಯ್ಡಾಕ್ಕೆ ಹೊರಟರು. ದಾರಿಯಲ್ಲಿ ಇಬ್ಬರೂ ಸೇರಿ ವಿಷಯವನ್ನು ಅರ್ಧ ಊಹಿಸಿದರು. ಸುಮಿತರಿಗೆ ತಾವು ಓದದೆ ಸಹಿ ಹಾಕಿದ ವರದಿ ನೆನಪಾಯಿತು. ಅವರು ಕಾರಿನ ವೇಗವನ್ನು ಸ್ವಲ್ಪ ಹೆಚ್ಚಿಸಿದರು.

ಸರ್ವರ್ ರೂಮಿನ ಚಳಿಯಲ್ಲಿ ಕಾಂತಪ್ಪನವರು ಸ್ವೆಟರ್ ತೊಟ್ಟು ಕೀಬೋರ್ಡ್ ಕುಟ್ಟುತ್ತಿದ್ದರು. ಬಾಗಿಲು ತೆರೆದ ಸದ್ದಿಗೆ ತಿರುಗಿ ನೋಡಿ, ಹೆಂಡತಿಯನ್ನು ಕಂಡು ಎದ್ದು ನಿಂತರು.

“ಎಂತ ಮಾರಾಯ್ರೆ,” ಎಂದರು ಲೋಲಾಕ್ಷಿಯವರು, ಸೆರಗು ಹೊದ್ದುಕೊಳ್ಳುತ್ತ. “ಎಲ್ಲಿದ್ದೇನೆ ನಾನು? ತೋರಿಸಿ ನೋಡುವಾ.”

ಕಾಂತಪ್ಪನವರು ತೆರೆಯತ್ತ ಕೈ ತೋರಿಸಿದರು. ಅವರ ಸ್ವರ ಸಣ್ಣದಾಗಿತ್ತು. “ಎದ್ದಿದ್ದಿ ಈಗ. ಸ್ವಲ್ಪ ಜಾಗ ಕೊಟ್ಟೆ.”

“ಮೊದಲೇ ಕೊಡ್ಲಿಕ್ಕೆ ಏನು ದಾಡಿ?”

“ಅಳತೆ ಮಾಡಿಯೇ ಕೊಟ್ಟಿದ್ದೆ.”

“ಯಾರ ಅಳತೆ?”

ಕಾಂತಪ್ಪನವರು ಸ್ವೆಟರಿನ ತೋಳು ಎಳೆದುಕೊಂಡರು. ನಿರೀಕ್ಷಾ ಕಿಟಕಿಯೇ ಇಲ್ಲದ ಗೋಡೆಯ ಕಡೆ ತಿರುಗಿ, ನಗು ತಡೆಯಲಾಗದೆ ಭುಜ ಕುಣಿಸುತ್ತಿದ್ದಳು.

“ಚಲೋ, ಆಯ್ತು,” ಎಂದರು ಸುಮಿತ್. “ಕಾಂತಪ್ಪಜೀ, ಇದನ್ನು ಅಳಿಸಿಬಿಡಿ. ಟಿಪಿಕಲ್ ಒತ್ತಿ. ಸೀಡಿ ಯಾವ ಹೆಸರು ಕೊಡ್ತದೋ ಅದೇ ಇರಲಿ. ನನ್ನ ಹೃದಯ ಇನ್ನೊಮ್ಮೆ ತಡೆಯೋದಿಲ್ಲ.”

ಕಾಂತಪ್ಪನವರ ಮುಖ ಬಾಡಿತು. ಅಷ್ಟು ದಿನದ ಕೈಕೆಲಸ. ಆದರೂ ತಲೆಯಾಡಿಸಿದರು. ಆಗ ಲೋಲಾಕ್ಷಿಯವರು ಗಂಡನ ಕುರ್ಚಿಯಲ್ಲಿ ಕುಳಿತುಕೊಂಡು, “ಅಳಿಸೋದು ಬೇಡ,” ಎಂದರು.

“ಭಾಭೀಜೀ?”

“ಅಲ್ಲ, ಹೋಟೆಲಿಗೆ ಅಣ್ಣನ ಹೆಸರು. ಫ್ಲ್ಯಾಟಿನ ಬಾಗಿಲಿಗೆ ಇವರ ಹೆಸರು. ಗ್ಯಾಸಿನ ಕಾರ್ಡಿಗೆ ಸಹ ಇವರದ್ದೇ. ನನ್ನ ಹೆಸರಲ್ಲಿ ಏನುಂಟು? ಇದೊಂದು. ಅದೂ ಇವರು ಕೈಯಾರೆ ಮಾಡಿದ್ದು. ಇರಲಿ ಬಿಡಿ.” ಆಮೇಲೆ ಗಂಡನ ಕಡೆ ತಿರುಗಿ, “ಆದ್ರೆ ಎಷ್ಟು ತುಂಬಿದೆ ಅಂತ ಪರ್ಸೆಂಟ್ ಲೆಕ್ಕ ಊರಿಗೆಲ್ಲ ಹೇಳಬಾರದು. ಮತ್ತೆ ಬೆಳೆಯುವಷ್ಟು ಬೆಳೀಲಿಕ್ಕೆ ಬಿಡಬೇಕು. ಆಯ್ತಾ?”

“ಆಯ್ತು,” ಎಂದರು ಕಾಂತಪ್ಪ. ಅಲ್ಲೇ, ಆಕೆ ಕುರ್ಚಿ ಬಿಟ್ಟುಕೊಡದ ಕಾರಣ ನಿಂತುಕೊಂಡೇ, ಕೈಯಾರೆ ಒಂದು ಸಾಲು ಟೈಪ್ ಮಾಡಿ, ತುಂಬಿದಂತೆಲ್ಲ ತಾನಾಗಿಯೇ ಬೆಳೆಯುವ ಅನುಮತಿಯನ್ನು ಲೋಲಾಕ್ಷಿಗೆ ಕೊಟ್ಟರು. ತಾನಾಗಿ ಆಗುವ ಒಂದು ಕೆಲಸಕ್ಕೆ ಅವರು ಒಪ್ಪಿದ್ದು ಅದೇ ಮೊದಲೆಂದು ಸುಮಿತ್ ಈಗಲೂ ಹೇಳುತ್ತಾರೆ. ಕಾಂತಪ್ಪನವರ ಪ್ರಕಾರ ಅದು ತಾನಾಗಿ ಆದದ್ದಲ್ಲ. ಅನುಮತಿಯನ್ನು ಟೈಪ್ ಮಾಡಿದವರು ಅವರೇ ತಾನೆ.

ಆ ದಿನ ಲೋಲಾಕ್ಷಿಯವರು ಆಫೀಸಿನ ಕ್ಯಾಂಟೀನಿನಲ್ಲಿ ಊಟ ಮಾಡಿ, ಅಲ್ಲಿಯ ಸಾಂಬಾರಿನ ಬಗ್ಗೆ ಅಡಿಗೆಯವನಿಗೆ ಹೇಳಬೇಕಾದ್ದನ್ನೆಲ್ಲ ಹೇಳಿದರು. ಮೂಸಂಬಿಯನ್ನು ನಿರೀಕ್ಷಾಗೆ ಕೊಟ್ಟರು. ಗ್ಲೂಕೋಸ್ ಡಬ್ಬಿಯನ್ನು ಸುಮಿತರೇ ಇಟ್ಟುಕೊಳ್ಳಲಿ ಎಂದರು, ಆ ದಿನ ಅದರ ಅಗತ್ಯ ಹೆಚ್ಚು ಇದ್ದದ್ದು ಅವರಿಗೇ.

ಆ ಅಪ್ಲಿಕೇಶನ್ ಮುಂದೆ ವರ್ಷಗಟ್ಟಲೆ ನಡೆಯಿತು. ಹೊಸಬರು ಸೇರಿದರು. “ಲೋಲಾಕ್ಷಿ ಇವತ್ತು ಸ್ವಲ್ಪ ನಿಧಾನ,” “ಲೋಲಾಕ್ಷಿಯನ್ನು ಕೇಳಿ ನೋಡು” ಎಂಬ ಮಾತು ಆಫೀಸಿನಲ್ಲಿ ಸಾಮಾನ್ಯವಾಯಿತು. ಒಂದು ದೀಪಾವಳಿಯ ಪಾರ್ಟಿಗೆ ಲೋಲಾಕ್ಷಿಯವರು ರೇಷ್ಮೆ ಸೀರೆಯುಟ್ಟು ಹೋಗಿದ್ದರು. ಯಾರೋ ಹೆಸರು ಹೇಳಿ ಪರಿಚಯಿಸಿದಾಗ ಗ್ರೇಟರ್ ನೋಯ್ಡಾದ ಕಾಲೇಜಿನಿಂದ ಆಗಷ್ಟೇ ಬಂದಿದ್ದ ಅಮಿತಾ ಎಂಬ ಹುಡುಗಿ ಕೈಯಲ್ಲಿದ್ದ ತಟ್ಟೆ ಸಮೇತ ಎದ್ದು ನಿಂತುಬಿಟ್ಟಳು.

“ಅಚ್ಛಾ! ನೀವು ನಿಜವಾಗ್ಲೂ ಇದ್ದೀರಾ?”

“ಇದ್ದೇನೆ ಮಗಾ,” ಎಂದರು ಲೋಲಾಕ್ಷಿಯವರು. “ಕೂತ್ಕೋ. ನಿಂತು ತಿಂದ್ರೆ ಮೈಗೆ ಹತ್ತೋದಿಲ್ಲ.”